ಒಂದೇ ಸಾಲಿನ ಶೂರ

ಕವಿತಾಳದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಒಗ್ಗರಣಿ-ಮಿರ್ಚಿ ಖಾಲಿಯಾಗುವ ಹೊತ್ತಿಗೆ ಈತ ಹಾಜರು. ಕೊರೊನಾ ಕಾಲಕ್ಕೆ ಲ್ಯಾಪ್‌ಟಾಪ್ ಹೊತ್ತು ಬೆಂಗಳೂರಿನಿಂದ ಬಂದವ. ಕೊರೊನಾ ಹೋಯಿತು, ಈತ ಹೋಗಲಿಲ್ಲ. ಹತ್ತು ಸಾಲಿನ ಪ್ರೋಗ್ರಾಮನ್ನು ಒಂದೇ ಸಾಲಿಗೆ ಇಳಿಸುವುದು ಇವನ ವ್ರತ. ಅಕ್ಷರ ಕಂಡರೆ ಮುಖ ಗಂಟು. ಚುಕ್ಕಿ, ಗೀಟು, ಪ್ರಶ್ನೆ ಚಿಹ್ನೆ, ಜೋಡಿ ಪ್ಲಸ್ಸು ಕಂಡರೆ ಆನಂದಬಾಷ್ಪ.

ಬರೆಯುವಾಗ ಇಷ್ಟು ಜಿಪುಣನಾದವ ಮಾತಿಗೆ ನಿಂತರೆ ಮಹಾದಾನಿ. ಆ ಒಂದು ಸಾಲು ಬಿಡಿಸಿ ಹೇಳಲು ಎರಡು ಚಹಾ, ಒಂದು ಪ್ಲೇಟು ಮಿರ್ಚಿ ಬೇಕು. ಬಿಲ್ಲು ಕೇಳಿಸಿಕೊಂಡವರದು.

ಇವನ ಮನೆದೇವರು ಕೆನೆತ್ ಐವರ್ಸನ್. ಆ ಪುಣ್ಯಾತ್ಮನ 1962ರ ಪುಸ್ತಕದಿಂದ ಹುಟ್ಟಿದ ಎಪಿಎಲ್ ಭಾಷೆಯ ಚಿಹ್ನೆಗಳನ್ನು ಒತ್ತಲು ಕೀಬೋರ್ಡೇ ಬೇರೆ ಬೇಕಿತ್ತು. 1979ರಲ್ಲಿ ಅವನಿಗೆ ಟ್ಯೂರಿಂಗ್ ಪ್ರಶಸ್ತಿಯೂ ಬಂತು. ದೇವರ ಕಥೆ ಮುಗಿದರೆ ಪೈಥಾನ್ ಪುರಾಣ. := ಎಂಬ ಚಿಹ್ನೆ ಬೇಕೋ ಬೇಡವೋ ಎಂದು ಜಗಳ ಹತ್ತಿ, ಬೇಕು ಎಂದು ತೀರ್ಪು ಕೊಟ್ಟ ಗೈಡೋ ವಾನ್ ರಾಸಮ್, ಅಂದರೆ ಆ ಭಾಷೆಯನ್ನು ಹುಟ್ಟಿಸಿದವನೇ, ಬೇಸತ್ತು 2018ರ ಜುಲೈಯಲ್ಲಿ ‘ಜೀವಾವಧಿ ದಯಾಳು ಸರ್ವಾಧಿಕಾರಿ’ ಪಟ್ಟ ಬಿಟ್ಟಿಳಿದ. ಮರುವರ್ಷ 3.8ನೇ ಆವೃತ್ತಿಯಲ್ಲಿ ಚಿಹ್ನೆ ಮಾತ್ರ ಬಂದು ಕೂತಿತು.

ಹೋಟೆಲ್ ಮಾಲಕರಿಗೆ ಇದನ್ನು ನಂಬಲಾಗಲಿಲ್ಲ. “ಎರಡು ಚುಕ್ಕಿ, ಎರಡು ಗೀಟಿನ ಸಲುವಾಗಿ ಖುರ್ಚಿ ಬಿಟ್ಟನಾ? ಇಲ್ಲಿ ಊರೆಲ್ಲಾ ಕೂಡಿ ಬೈದ್ರೂ ಬಿಡಂಗಿಲ್ಲಲ್ಲೋ ತಮ್ಮಾ!”

ಈತನದು ಪೂರ್ತಿ ಹುಚ್ಚು ಎನ್ನುವಂತಿಲ್ಲ. ‘ಕೂಡಿಸು’ ಎಂದು ಯಾರು ಬರೆಯುತ್ತಾರೆ? ಪ್ಲಸ್ ಹಾಕುತ್ತಾರೆ. ಹಳೆಯ ಲೆಕ್ಕದವರೂ ಮುಕ್ಕಾಲಿಗೆ ಮೂರು ಗೀಟು ಎಳೆದು ಮುಂದೆ ಹೋಗುತ್ತಿದ್ದರು. ಆದರೆ ಆ ಗೀಟು ಲೆಕ್ಕ ಬಲ್ಲವರಿಗೆಲ್ಲ ತಿಳಿಯುತ್ತಿತ್ತು. ನಮ್ಮ ಶೂರನಿಗೆ ಎಲ್ಲರಿಗೂ ತಿಳಿದದ್ದರಲ್ಲಿ ರುಚಿಯಿಲ್ಲ. ಆಫೀಸಿನ ಹುಡುಗರು ಒಂದು ಚಿಹ್ನೆ ಕಲಿತರೋ, ಅವತ್ತೇ ಅದನ್ನು ಕೈಬಿಟ್ಟು ಹೊಸದಕ್ಕೆ ಗಂಟುಬೀಳುತ್ತಾನೆ. “ಇದೇನ್ರೀ?” ಎಂದು ಯಾರೂ ಕೇಳದ ದಿನ ಇವನಿಗೆ ಚಹಾ ಸಪ್ಪೆ.

ಇವನಿಗೆ ಎದುರು ನಿಲ್ಲುವವಳು ಚಿಕ್ಕಪ್ಪನ ಮಗಳು ಒಬ್ಬಳೇ. ಹೈದರಾಬಾದಿನಲ್ಲಿ ಅದೇ ಕಸುಬು. ರಜಕ್ಕೆ ಬಂದವಳು ಹೋಟೆಲಿನಲ್ಲೇ ಹಿಡಿದಳು.

“ಯಣ್ಣಾ, ಸಿ ಭಾಷಾದಾಗೂ ಮೊದಲ ಇದಾ ಫಜೀತಿ ಆಗಿತ್ತು. ಈಗಿನ -= ಆಗ =- ಅಂತ ಇತ್ತು. ಬಾಕಿ=-1 ಅಂತ ಬರದ್ರ, ಬಾಕಿಯಾಗ ಒಂದು ಕಳೀಬೇಕೋ, ಬಾಕಿನಾ ಮೈನಸ್ ಒಂದೋ? ಕಡೀಕ ಚಿಹ್ನಿ ತಿರುವಿ ಹಾಕಿದ್ರು.”

“ಬರಿಯಾಂವಗ ಶಾಣ್ಯಾತನ ಬೇಕು” ಎಂದ ಈತ.

“ರಾತ್ರಿ ಎರಡಕ್ಕ ಅದು ಕೆಟ್ಟು ನಿಂತ್ರ, ಓದಿ ಸರಿ ಮಾಡಾಕಿ ನಾನು.”

ಬಾಕಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಮೂಲೆಯಲ್ಲಿದ್ದ ಮುದುಕರು ಚಹಾದ ಬಸಿ ಕೆಳಗಿಟ್ಟರು. ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು.

“ಯವ್ವಾ, ಎರಡೂ ಅರ್ಥ ಬರ್ತಿತ್ತಂದ್ರ ಭಾಳ ಚಲೋ ಇತ್ತಲ್ಲ, ಯಾಕ ತಿರುವಿದ್ರು?” ಅಂದರು. ಆಮೇಲೆ ಶೂರನ ಕಡೆ ತಿರುಗಿ, “ತಮ್ಮಾ, ಆಕಿ ಮಾತು ಕೇಳಬ್ಯಾಡ. ಹತ್ತಿ ಕಿರ್ದಿ ಅಷ್ಟೂ ನಾನಾ ಬರೀತಿದ್ದೆ. ನನ್ನ ಗೀಟು ನನಗ ಬಿಟ್ರ ಯಾರಿಗೂ ತಿಳೀತಿರಲಿಲ್ಲ. ಸಾವಕಾರ ಮೂರು ಸಲ ನನ್ನ ಕೆಲಸ ಬಿಡಸಾಕ ಬಂದ. ಮೂರು ಸಲನೂ ಕಿರ್ದಿ ತಗದು ನೋಡಿ, ಪಗಾರ ಹೆಚ್ಚು ಮಾಡಿ ಹೋದ.”

ಶೂರ ಐವರ್ಸನ್‌ನನ್ನು ಅಲ್ಲೇ ಬಿಟ್ಟು ಖುರ್ಚಿಯನ್ನು ಮುದುಕರ ಹತ್ತಿರ ಎಳೆದುಕೊಂಡ.

“ತಾತಾ, ಸಲಕ್ಕ ಎಷ್ಟು ಹೆಚ್ಚು ಮಾಡ್ತಿದ್ದ?”