ಆರ್ಥರ್ ಮಾರ್ಗನ್ ಯಾರ ಪೈಕಿ? ಉಣಕಲ್ ಸೀಮೆಯ ಒಂದು ಗೇಮ್ ಮೀಮಾಂಸೆ

ಕ್ಷೇತ್ರ ಸಮರ್ಥನೆ

ವಿಡಿಯೊ ಗೇಮಿನೊಳಗಿನ ಮಂದಿಯ ಮೇಲೆ ಹೊರಗಿನ ಮಂದಿಗೆ ಹುಟ್ಟುವ ಮಮತೆಯ ಸ್ವರೂಪವೇನು ಎಂಬುದು ಪ್ರಸ್ತುತ ಪ್ರಬಂಧದ ವಸ್ತು. ಇಂಥ ಅಧ್ಯಯನಕ್ಕೆ ಟೋಕಿಯೊ ಇಲ್ಲವೇ ಸೋಲ್ ನಗರವನ್ನು ಆರಿಸಿಕೊಳ್ಳದೆ ಉಣಕಲ್ಲನ್ನೇ ಏಕೆ ಆರಿಸಿದಿರಿ ಎಂದು ವಿದ್ವಾಂಸರು ಕೇಳಬಹುದು. ಮೊದಲ ಕಾರಣ ಖರ್ಚು. ಎರಡನೆಯದು ಶಾಸ್ತ್ರೀಯ ಕಾರಣ. ಹುಬ್ಬಳ್ಳಿಯ ಅಂಚಿನಲ್ಲಿ ಧಾರವಾಡದ ಕಡೆ ಮುಖ ಮಾಡಿ ಕುಳಿತ ಈ ಊರಿನಲ್ಲಿ, ನಾಲ್ಕೂ ದಿಕ್ಕಿಗೆ ಬಾಗಿಲು ತೆರೆದ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆ. ನಡುವೆ ವಿವೇಕಾನಂದರನ್ನು ನಿಲ್ಲಿಸಿಕೊಂಡ ಕೆರೆ ಇದೆ. ತನ್ನದೇ ಪಥದಲ್ಲಿ ಯಾರಿಗೂ ಅಡ್ಡಬೀಳದೆ ಓಡುವ ಚಿಗರಿ ಬಸ್ಸಿದೆ. ಪಕ್ಕದ ವಿದ್ಯಾನಗರದಲ್ಲಿ 1947ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜಿದೆ. ಅದರ ಹಾಸ್ಟೆಲಿನಲ್ಲಿ ಹಿಡಿಸದ ಹುಡುಗರಿಗೆ ಸುತ್ತಲಿನ ಬಡಾವಣೆಗಳಲ್ಲಿ ಬಾಡಿಗೆ ರೂಮುಗಳಿವೆ. ಭಕ್ತಿ, ಬಿಡುವು, ವೈಫೈ ಮೂರೂ ಒಂದೇ ಪಿನ್‌ಕೋಡಿನಲ್ಲಿ ಸಿಗುವುದು ಸಣ್ಣ ಮಾತಲ್ಲ.

ವಿಧಾನದ ಬಗ್ಗೆ ಒಂದು ಮಾತು. ಪೂರ್ವಮೀಮಾಂಸಕರು ಯಾವುದೇ ಗೊಂದಲವನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ನಿರ್ಣಯ ಎಂದು ಐದು ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದರು. ಹೋಮದ ಸೌಟು ಮುತ್ತುಗದ ಮರದ್ದಾದರೆ ಏನು ಫಲ ಎಂಬುದಕ್ಕೇ ಅವರು ಇಷ್ಟು ಶ್ರಮಪಟ್ಟಿರುವಾಗ, ಗೇಮಿನೊಳಗಿನ ಸಾವಿಗೆ ಮಗನೊಬ್ಬ ರಾತ್ರಿ ಊಟ ಬಿಟ್ಟದ್ದೇಕೆ ಎಂಬುದಕ್ಕೆ ಅಷ್ಟಾದರೂ ಶ್ರಮ ಸಲ್ಲಬೇಕು.

ವಿಷಯ

ಉಣಕಲ್ಲಿನ ಒಂದು ಮನೆ. ಮಗ ಐದನೇ ಸೆಮಿಸ್ಟರ್. ರಾತ್ರಿ ಹನ್ನೊಂದಕ್ಕೆ ಅವನ ಕೋಣೆಯಿಂದ ಕೆಮ್ಮು ಕೇಳುತ್ತದೆ. ಅವ್ವ ಶುಂಠಿ, ಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸಿ, ಲೋಟ ಹಿಡಿದು ಬಾಗಿಲು ತಳ್ಳುತ್ತಾಳೆ. ಮಗ ಲ್ಯಾಪ್‌ಟಾಪಿನ ಮುಂದೆ ಗಟ್ಟಿಮುಟ್ಟಾಗಿ ಕೂತಿದ್ದಾನೆ. ಕೆಮ್ಮು ಮಾತ್ರ ನಿಂತಿಲ್ಲ.

"ಯಾರಿಗೆ ಹತ್ತೇತೋ ಕೆಮ್ಮು?"

"ಆರ್ಥರ್‌ಗ ಯವ್ವಾ. ಗೇಮ್‌ನ್ಯಾಗಿನವ. ಟೀಬಿ ಆಗೇತಿ ಅವಂಗ."

"ಅಯ್ಯ ಶಿವನ! ಯಾರ ಪೈಕಿ ಅಂವ?"

ಈ ಕೊನೆಯ ಪ್ರಶ್ನೆಯನ್ನು ವಿದ್ವತ್ ಲೋಕ ನಿಧಾನವಾಗಿ ಗಮನಿಸಬೇಕು. ಆರ್ಥರ್ ಎಂಬುವನು ಇದ್ದಾನೋ ಇಲ್ಲವೋ ಎಂದು ಅವ್ವ ಕೇಳಲಿಲ್ಲ. ಅಸ್ತಿತ್ವದ ತರ್ಕವನ್ನು ಒಂದೇ ಹೆಜ್ಜೆಗೆ ದಾಟಿ ನೇರ ವಂಶಾವಳಿಗೆ ಬಂದಳು. ಧಾರವಾಡ ಸೀಮೆಯಲ್ಲಿ ಒಬ್ಬನನ್ನು ಲೆಕ್ಕಕ್ಕೆ ಹಿಡಿಯಲು ಅವನು ಹುಟ್ಟಿರಲೇಬೇಕೆಂದಿಲ್ಲ. ಯಾರ ಪೈಕಿ ಎಂದು ತಿಳಿದರೆ ಸಾಕು.

ಮಗ ವಿವರಿಸಿದ ಸಂಗತಿ ಇದು. ಆರ್ಥರ್ ಮಾರ್ಗನ್ ಎಂಬಾತ 2018ರಲ್ಲಿ ಬಂದ ರೆಡ್ ಡೆಡ್ ರಿಡೆಂಪ್ಶನ್ 2 ಎಂಬ ಗೇಮಿನ ನಾಯಕ. ಕಥೆ ನಡೆಯುವುದು 1899ರ ಅಮೆರಿಕದಲ್ಲಿ. ದರೋಡೆಕೋರರ ತಂಡದವ. ತಂಡದ ಪರವಾಗಿ ಸಾಲ ವಸೂಲಿಗೆ ಹೋದಾಗ ಒಬ್ಬ ರೋಗಿಷ್ಟ ರೈತನನ್ನು ಹೊಡೆಯುತ್ತಾನೆ, ರೈತ ಕೆಮ್ಮಿದ ರಕ್ತ ಇವನ ಮುಖಕ್ಕೆ ಸಿಡಿಯುತ್ತದೆ, ಕ್ಷಯ ಅಂಟುತ್ತದೆ.

"ಸಾಲ ವಸೂಲಿಗೆ ಹೋಗಿದ್ನಾ? ಹಂಗಾದ್ರ ಆಗಲಿ ತಗೋ" ಎಂದವಳೇ ಅವ್ವ ಕಷಾಯದ ಲೋಟವನ್ನು ಹಿಂದಕ್ಕೆ ಒಯ್ದಳು.

ಫೈನಾನ್ಸಿನವರು ಬಾಗಿಲು ಬಡಿಯುವ ಸದ್ದಿಗೂ ನೆಂಟರು ಬಡಿಯುವ ಸದ್ದಿಗೂ ಇರುವ ವ್ಯತ್ಯಾಸ ಸಂಘದ ಸಾಲ ತೆಗೆದ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಕಿರುಸಾಲದ ವಸೂಲಿ ಕಿರುಕುಳದ ವಿರುದ್ಧ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದದ್ದು 2025ರ ಫೆಬ್ರುವರಿಯಲ್ಲಿ. ಅವ್ವನ ತೀರ್ಪಿಗೆ ಅಷ್ಟು ಹೊತ್ತು ಹಿಡಿಯಲಿಲ್ಲ. ಆದರೆ ಮುಂದೆ ಆರ್ಥರ್ ಅದೇ ರೈತನ ವಿಧವೆಯನ್ನು ಹುಡುಕಿಕೊಂಡು ಹೋಗಿ, ಹಣ ಕೊಟ್ಟು, ಬೇರೆ ಬಾಳು ಕಟ್ಟಿಕೊಳ್ಳಿರೆಂದು ತಾಯಿ ಮಗನನ್ನು ಕಳಿಸುತ್ತಾನೆ. ಅದನ್ನು ಕೇಳಿದ ಮೇಲೆ ಅವ್ವನ ವಿಚಾರಣೆ ದಿನಚರಿಯಾಯಿತು. "ಹೆಂಗದಾನೋ ನಿಮ್ಮ ಆರ್ಥರ? ಕಿಮ್ಸ್ ದವಾಖಾನಿಗೆ ಹೋಗಂತ ಹೇಳು. ಆರು ತಿಂಗಳ ಗುಳಗಿ ಪುಕ್ಕಟ ಕೊಡ್ತಾರ."

ಇಲ್ಲೊಂದು ಕಾಲಗಣನೆಯ ತೊಡಕಿದೆ. ವಿಜ್ಞಾನಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಗುರುತಿಸಿದ್ದು 1882ರಲ್ಲಿ, ಅದಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ರೋಗದ ಹೆಸರು ಗೊತ್ತು, ಮದ್ದು ಮಾತ್ರ ಇಲ್ಲ ಎಂಬ ಅರವತ್ತೊಂದು ವರ್ಷಗಳ ಸಂದಿಯಲ್ಲಿ ಆರ್ಥರ್ ಸಿಕ್ಕಿಬಿದ್ದಿದ್ದ. ಇದನ್ನು ಮಗ ಹೇಳಿದಾಗ ಅವ್ವ, "ಅಷ್ಟು ಹಳೇ ಗೇಮ್ ಯಾಕ ಆಡ್ತೀ, ಹೊಸಾದು ಹಾಕು" ಎಂದಳು. ತರ್ಕ ಶುದ್ಧವಾಗಿದೆ.

ಸಂಶಯ

ಈ ಮಮತೆ ಪ್ರಮಾಣವೋ, ಭ್ರಮೆಯೋ? ಪ್ರಮಾಣವಾದರೆ ಆರ್ಥರ್ ಸತ್ತಾಗ ಮನೆಗೆ ಸೂತಕ ಬರುತ್ತದೆಯೋ ಇಲ್ಲವೋ? ಭ್ರಮೆಯಾದರೆ ಕಷಾಯಕ್ಕೆ ಹಾಕಿದ ಬೆಲ್ಲದ ಲೆಕ್ಕ ಯಾರ ಹೆಸರಿಗೆ?

ಪೂರ್ವಪಕ್ಷ

ಮೊದಲ ಪೂರ್ವಪಕ್ಷ ಕೆರೆಯ ಉದ್ಯಾನದಲ್ಲಿ ಬೆಳಗಿನ ವಾಕಿಂಗ್ ಮಾಡುವ ನಿವೃತ್ತರದು. "ಇಲ್ಲದವನ ಸಲುವಾಗಿ ಕಣ್ಣೀರು ಹಾಕ್ತಾವ್ರೀ, ಇದ್ದ ಅಪ್ಪನ ಫೋನ್ ಎತ್ತಂಗಿಲ್ಲ." ಈ ವಾದ ಬಲವಾದದ್ದು. ಇದಕ್ಕೆ ಉತ್ತರವನ್ನು ಫಲಶ್ರುತಿಯವರೆಗೆ ಮುಂದೂಡಲಾಗಿದೆ.

ಎರಡನೆಯದು ಪಾಶ್ಚಾತ್ಯರದು. ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ವಿದ್ವಾಂಸರು 1956ರಲ್ಲಿ ರೇಡಿಯೊ, ಟೀವಿಯ ನಿರೂಪಕರ ಜೊತೆ ಶ್ರೋತೃಗಳು ಬೆಳೆಸಿಕೊಳ್ಳುವ ಸಂಬಂಧವನ್ನು ಪರೀಕ್ಷಿಸಿ, ಇದು ಒಮ್ಮುಖದ ನಂಟು, ಆ ಕಡೆಯಿಂದ ಏನೂ ಬರುವುದಿಲ್ಲ ಎಂದು ತೋರಿಸಿದರು. ಟೀವಿಯ ಮಟ್ಟಿಗೆ ಒಪ್ಪೋಣ. ನೀವು ಎದ್ದು ಅಡಿಗೆಮನೆಗೆ ಹೋದರೂ ನಿರೂಪಕ ನಗುತ್ತಲೇ ಇರುತ್ತಾನೆ. ಆರ್ಥರ್ ಹಾಗಲ್ಲ. ನೀವು ಎದ್ದು ಹೋದರೆ ಅವನು ನಿಂತಲ್ಲೇ ನಿಲ್ಲುತ್ತಾನೆ. ಇನ್ನೂ ಮುಖ್ಯವಾದದ್ದು, ಆ ಬಡ ರೈತನನ್ನು ಹೊಡೆದದ್ದು ಯಾರು? ಗುಂಡಿ ಒತ್ತಿದ್ದು ಉಣಕಲ್ಲಿನ ಹೆಬ್ಬೆರಳು. ಕಾದಂಬರಿ ಓದುವವನು ಬೇರೆಯವರು ಮಾಡಿದ್ದಕ್ಕೆ ಮರುಗುತ್ತಾನೆ. ಗೇಮ್ ಆಡುವವನು ತಾನು ಮಾಡಿದ್ದಕ್ಕೆ ಮರುಗುತ್ತಾನೆ. ಮರುಕದಲ್ಲಿ ಅಪರಾಧದ ಪಾಲು ಬೆರೆತ ಮೇಲೆ ಅದನ್ನು ಒಮ್ಮುಖ ಎನ್ನಲಾಗದು. ಚಿತ್ರಗುಪ್ತನ ಕೆಲಸವನ್ನೂ ಈ ಗೇಮು ತಾನೇ ವಹಿಸಿಕೊಂಡಿದೆ: ಒಳ್ಳೆಯದು ಮಾಡಿದರೆ ಮರ್ಯಾದೆಯ ಗುರುತು ಬಲಕ್ಕೆ, ಕೆಟ್ಟದ್ದಕ್ಕೆ ಎಡಕ್ಕೆ. ಆರ್ಥರ್ ಸಾಯುವ ರೀತಿಯೂ ಆ ಲೆಕ್ಕದ ಮೇಲೆ ನಿಂತಿದೆ.

ಮೂರನೆಯ ಪೂರ್ವಪಕ್ಷ ಭಾರತ ಸರ್ಕಾರದ್ದು. 2020ರ ಸೆಪ್ಟೆಂಬರ್ 2ರಂದು ಅದು 118 ಆ್ಯಪ್‌ಗಳನ್ನು ನಿಷೇಧಿಸಿತು, ಪಬ್‌ಜಿ ಅದರಲ್ಲೊಂದು. 2021ರ ಜುಲೈ 2ರಂದು ಅದೇ ಆಟ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ, ರಕ್ತಕ್ಕೆ ಹಸಿರು ಬಣ್ಣ ಹಚ್ಚಿಕೊಂಡು, ಇದೆಲ್ಲ ನಿಜವಲ್ಲ ಎಂದು ತಾನೇ ಎಚ್ಚರಿಸುತ್ತ ಬಂದಿತು. 2022ರ ಜುಲೈ 28ರಂದು ಮತ್ತೆ ಮಾಯವಾಯಿತು. 2023ರ ಮೇ ತಿಂಗಳಲ್ಲಿ, ದಿನಕ್ಕೆ ಇಷ್ಟೇ ತಾಸು ಎಂಬ ಕಟ್ಟಳೆಯೊಡನೆ ಹಿಂತಿರುಗಿತು. ರಕ್ತ ಹಸಿರಾದರೆ ಸತ್ತವನ ಮೇಲಿನ ಮಮತೆ ಒಣಗುತ್ತದೆ ಎಂಬ ಊಹೆ ಇದರ ಹಿಂದಿದೆ. ಈ ಪ್ರಾಂತದ ತಾಯಂದಿರ ಆಕ್ಷೇಪ ಬೇರೆಯೇ. ಪಬ್‌ಜಿಯಲ್ಲಿ ಗೆದ್ದವರಿಗೆ ಪರದೆಯ ಮೇಲೆ ಸಿಗುವ ಬಹುಮಾನದ ಮಾತು ‘ಚಿಕನ್ ಡಿನ್ನರ್’. ಶ್ರಾವಣ ಸೋಮವಾರ ಲಿಂಗಾಯತರ ಪಡಸಾಲೆಯಲ್ಲಿ ಅದನ್ನು ಹರ್ಷದಿಂದ ಕಿರುಚಿದ ಮೊಮ್ಮಗನಿಗೆ ಅಜ್ಜಿ ಬಾಯಿ ಮುಕ್ಕಳಿಸಲು ಹೇಳಿ, ಹಣೆಗೆ ಈಬತ್ತಿ ಹಚ್ಚಿಯೇ ಒಳಗೆ ಬಿಟ್ಟಳು. ಹಿಂಸೆಯ ಪ್ರಶ್ನೆ ಅಲ್ಲಿ ಏಳಲೇ ಇಲ್ಲ.

ಸಿದ್ಧಾಂತ

ಭರತನ ರಸಸೂತ್ರಕ್ಕೆ ವ್ಯಾಖ್ಯಾನ ಬರೆದವರಲ್ಲಿ ಶ್ರೀಶಂಕುಕ ಒಬ್ಬ. ಅವನ ಗ್ರಂಥ ಉಳಿದಿಲ್ಲ. ಅಭಿನವಗುಪ್ತ ಅವನನ್ನು ಖಂಡಿಸಲು ಉದ್ಧರಿಸಿದ್ದರಿಂದ ಅವನ ವಾದ ಬದುಕಿತು. ವಿರೋಧಿಗಳನ್ನು ಬ್ಲಾಕ್ ಮಾಡುವ ಪದ್ಧತಿ ಆಗ ಇಲ್ಲದಿದ್ದದ್ದು ನಮ್ಮ ಪುಣ್ಯ. ನಟನನ್ನು ನೋಡಿ ರಾಮ ಎನ್ನುತ್ತೇವಲ್ಲ, ಅದು ಯಾವ ಬಗೆಯ ಅರಿವು ಎಂದು ಶಂಕುಕ ಕೇಳಿದ. ನಿಜವಾದ ಅರಿವಲ್ಲ, ತಪ್ಪಾದ ಅರಿವಲ್ಲ, ಸಂಶಯವಲ್ಲ, ಹೋಲಿಕೆಯೂ ಅಲ್ಲ. ಗೋಡೆಯ ಮೇಲಿನ ಕುದುರೆಯ ಚಿತ್ರ ನೋಡಿ ಕುದುರೆ ಎನ್ನುತ್ತೇವೆ, ಅಂಥದು. ಇದಕ್ಕೆ ಚಿತ್ರತುರಗ ನ್ಯಾಯ ಎಂದು ಹೆಸರು.

ಶಂಕುಕನ ಚಿತ್ರದ ಕುದುರೆ ಸಾವಿರ ವರ್ಷಕ್ಕೂ ಮಿಕ್ಕಿ ಗೋಡೆಯ ಮೇಲೆ ನಿಂತೇ ಇತ್ತು. 2018ರಲ್ಲಿ ಓಡತೊಡಗಿತು. ಆರ್ಥರನಿಗೆ ಕುದುರೆ ಇದೆ. ಅದಕ್ಕೆ ಮೇವು ಹಾಕಬೇಕು, ಮೈ ಉಜ್ಜಬೇಕು, ಕುತ್ತಿಗೆ ತಟ್ಟಬೇಕು. ಆರೈಕೆ ಹೆಚ್ಚಿದಷ್ಟೂ ಅದರ ವಿಶ್ವಾಸ ನಾಲ್ಕು ಹಂತದವರೆಗೆ ಏರುತ್ತದೆ. ಹೆಸರನ್ನೂ ಇಡಬಹುದು. ನಮ್ಮ ದೃಷ್ಟಾಂತದ ಹುಡುಗ ಊರ ಅಭಿಮಾನದಿಂದ ‘ಚಿಗರಿ’ ಎಂದು ಹೆಸರಿಟ್ಟಿದ್ದ. ಆಟದ ಕೊನೆಗೆ, ನೀವು ಎಷ್ಟೇ ಜೋಪಾನ ಮಾಡಿರಿ, ಕುದುರೆ ಗುಂಡು ತಿಂದು ಬೀಳುತ್ತದೆ. ಬೆನ್ನಟ್ಟಿ ಬರುವವರನ್ನು ಮರೆತು ಆರ್ಥರ್ ಅದರ ಪಕ್ಕ ಕೂತು ಉಪಕಾರ ಸ್ಮರಿಸುತ್ತಾನೆ. ಹುಡುಗ ಅಡಿಗೆಮನೆಗೆ ಬಂದು ನಿಂತ.

"ಯವ್ವಾ, ಚಿಗರಿ ಸತ್ತು ಹೋತು."

"ಯಾವ ಸ್ಟಾಪಿನ್ಯಾಗೋ? ಮಂದಿಗೇನೂ ಆಗಿಲ್ಲಲ್ಲ?"

ಗೊಂದಲ ಪರಿಹಾರವಾದ ಮೇಲೂ ಅವ್ವ ನಗಲಿಲ್ಲ ಎಂಬುದು ಇಲ್ಲಿ ದಾಖಲಾಗಬೇಕಾದ ಅಂಶ. "ಉಂಡು ಮಲಕೋ, ಮುಂಜಾನೆ ಸುದ್ದಿ ಮಾತಾಡೂಣು" ಎಂದಳು. ಶಂಕುಕನಿಗೆ ನಾಲ್ಕು ನಕಾರಗಳು ಬೇಕಾದವು. ಅವ್ವನಿಗೆ ಒಂದೂ ಬೇಕಾಗಲಿಲ್ಲ.

ಅವಳಿಗೆ ಇದು ಬಂದದ್ದು ಎಲ್ಲಿಂದ? ಪ್ರಬಂಧಕಾರನ ಸಿದ್ಧಾಂತದ ಪ್ರಕಾರ ಜೋಕುಮಾರನಿಂದ. ಭಾದ್ರಪದದಲ್ಲಿ ಗಣಪ ಹೋಗುವ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಣ್ಣಿನ ಜೋಕುಮಾರ ಹುಟ್ಟುತ್ತಾನೆ. ಬಿದಿರ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಅವನನ್ನು ಕೂರಿಸಿ, ಬಾಯಿಗೆ ಬೆಣ್ಣೆ ಹಚ್ಚಿ, ಹೆಣ್ಣುಮಕ್ಕಳು ಹೊತ್ತು ಮನೆಮನೆಗೆ ಹಾಡುತ್ತ ಬರುತ್ತಾರೆ. ಮೊರದಲ್ಲಿ ಜೋಳ ಬೀಳುತ್ತದೆ. ಅವನ ಆಯುಷ್ಯ ಏಳು ದಿನ. ಹುಣ್ಣಿಮೆಯ ರಾತ್ರಿ ಅವನ ಸಾವು. ಸತ್ತವನಿಗಾಗಿ ಅಳುವುದೂ ಉಂಟು. ಮಳೆ ಅವನ ಬಳುವಳಿ ಎಂದು ನಂಬಿಕೆ. ಗೇಮಿನ ಅಂತ್ಯವನ್ನು ಮೊದಲೇ ಹೇಳಿಬಿಟ್ಟರೆ ರಸಭಂಗವಾಯಿತೆಂದು ಇಂದಿನ ಹುಡುಗರು ಜಗಳಕ್ಕೆ ನಿಲ್ಲುತ್ತಾರೆ. ಜೋಕುಮಾರನ ಅಂತ್ಯ ಇಡೀ ಸೀಮೆಗೆ ತಲೆಮಾರುಗಳಿಂದ ಗೊತ್ತು. ಅಳು ನಿಂತಿಲ್ಲ. ಅವನು ಮಣ್ಣು ಎಂಬುದೂ ಎಲ್ಲರಿಗೂ ಗೊತ್ತು. ಬುಟ್ಟಿ ಬಾಗಿಲಿಗೆ ಬಂದಾಗ ಅದನ್ನು ಎತ್ತಿ ಆಡುವಷ್ಟು ಅರಸಿಕರು ಯಾವ ಓಣಿಯಲ್ಲೂ ಇಲ್ಲ.

ಆದ್ದರಿಂದ ಮಾಡಿದ ಗೊಂಬೆಗೆ ಮನಸ್ಸು ಕೊಡುವುದು ಈ ನೆಲಕ್ಕೆ ಹೊಸದಲ್ಲ, ರೋಗವೂ ಅಲ್ಲ. ಹೊಸತು ಎರಡೇ. ಒಂದು, ಜೋಕುಮಾರನ ದುಃಖಕ್ಕೆ ತಿಥಿ ಇದೆ, ಹಾಡಿದೆ, ಜೊತೆಗೆ ಅಳುವವರಿದ್ದಾರೆ, ಮರುದಿನ ಹೊಲದ ಕೆಲಸವಿದೆ. ಗೇಮಿನ ದುಃಖವನ್ನು ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಪಡಬೇಕು. ಮುಗಿಯಿತು ಎಂದು ಹೇಳುವವರಿಲ್ಲ. ಎರಡು, ಜೋಕುಮಾರನಿಗೆ ಮಾಲೀಕರಿಲ್ಲ. ಅವನ ಮಣ್ಣು ಊರದು, ಸತ್ತ ಮೇಲೆ ಊರಿಗೇ ವಾಪಸು. ಪಬ್‌ಜಿಯ ಬಂಟರಿಗೆ ಹುಡುಗರು ಕೈಖರ್ಚಿನ ದುಡ್ಡಿನಲ್ಲಿ ಅಂಗಿ, ಟೊಪ್ಪಿಗೆ, ಬಂದೂಕಿನ ಬಣ್ಣ ಕೊಡಿಸಿದ್ದರು. 2020ರ ಅಕ್ಟೋಬರ್ 30ಕ್ಕೆ ಭಾರತದಲ್ಲಿ ಸರ್ವರ್ ಬಂದ್ ಆದಾಗ ಬಂಟನೂ ಹೋದ, ಅಂಗಿಯೂ ಹೋಯಿತು. ಮರುವರ್ಷ ಹಳೆಯ ಖಾತೆಯನ್ನು ಹೊಸ ಆಟಕ್ಕೆ ವರ್ಗಾಯಿಸಿಕೊಳ್ಳಲು ಅವಕಾಶ ಸಿಕ್ಕಿತು. ಆತ್ಮ ಬಟ್ಟೆ ಬದಲಿಸಿದಂತೆ ದೇಹ ಬದಲಿಸುತ್ತದೆ ಎಂದು ಶಾಸ್ತ್ರ ಹೇಳಿದರೆ, ಇಲ್ಲಿ ಬಟ್ಟೆ ಉಳಿದು ಮಿಕ್ಕದ್ದೆಲ್ಲ ಬದಲಾಯಿತು. ಆಚಾರ್ಯರಾರೂ ಇದಕ್ಕೆ ಭಾಷ್ಯ ಬರೆದಿಲ್ಲ.

ನಿರ್ಣಯ

ಮೇಲಿನ ವಿಚಾರದಿಂದ ಸೂತಕದ ವಿಧಿಗಳು ಹೀಗೆ ನಿಷ್ಪನ್ನವಾಗುತ್ತವೆ.

ಕಥೆಯೊಳಗೇ ತೀರಿಕೊಳ್ಳುವ ಪಾತ್ರಗಳಿಗೆ, ಅಂದರೆ ಆರ್ಥರ್‌ನಂಥವರಿಗೆ, 1997ರ ಫೈನಲ್ ಫ್ಯಾಂಟಸಿ 7ರಲ್ಲಿ ಆಟದ ನಡುವೆಯೇ ಕೊಲೆಯಾಗಿ ಜಗತ್ತಿನ ಹುಡುಗರನ್ನು ಅಳಿಸಿದ ಏರಿತ್‌ಗೆ, ಒಂದು ಹೊತ್ತಿನ ಸೂತಕ. ರಾತ್ರಿಯೂಟ ಬಿಡಬಹುದು, ಬೆಳಗಿನ ಒಗ್ಗರಣಿ ಅವಲಕ್ಕಿ ಬಿಡುವಂತಿಲ್ಲ.

1981ರಿಂದ ಬೀಳುತ್ತ ಏಳುತ್ತ ಇರುವ ಮಾರಿಯೊಗೆ ಸೂತಕವಿಲ್ಲ. ಜೇಬಿನಲ್ಲಿ ಇನ್ನೂ ಎರಡು ಜೀವ ಇಟ್ಟುಕೊಂಡವನಿಗಾಗಿ ಸ್ನಾನ ಮಾಡುವುದು ನೀರಿನ ದುಂದು. ಹುಬ್ಬಳ್ಳಿಯಲ್ಲಿ ನಳ ಬರುವ ಸರದಿಯನ್ನು ಬಲ್ಲವರು ಇದನ್ನು ವಿರೋಧಿಸಲಾರರು.

1996ರಲ್ಲಿ ಜಪಾನಿನಲ್ಲಿ ಹುಟ್ಟಿದ ತಮಾಗೊಚ್ಚಿಯಂತೆ ಉಣ್ಣಿಸದಿದ್ದರೆ ಸಾಯುವ ಪ್ರಾಣಿಗಳ ವಿಷಯದಲ್ಲಿ ಸೂತಕವಲ್ಲ, ಪ್ರಾಯಶ್ಚಿತ್ತ. ಓಣಿಯ ಒಂದು ನಿಜವಾದ ಬೆಕ್ಕಿಗೆ ಹಾಲು ಹಾಕತಕ್ಕದ್ದು.

ಕುದುರೆ ಸತ್ತರೆ ಅವ್ವನಿಗೆ ತಿಳಿಸತಕ್ಕದ್ದು. ಬಸ್ಸಲ್ಲ ಎಂದು ಮೊದಲೇ ಹೇಳತಕ್ಕದ್ದು.

ಸರ್ಕಾರದ ಆದೇಶದಿಂದಲೋ ಕಂಪನಿಯ ನಿರ್ಧಾರದಿಂದಲೋ ಇಲ್ಲವಾದ ಪಾತ್ರಗಳಿಗೆ ಸೂತಕ ಅನ್ವಯಿಸುವುದಿಲ್ಲ. ಅದು ಸಾವಲ್ಲ, ಜಪ್ತಿ. ಜಪ್ತಿಗೆ ಅಳುವ ವಿಧಿ ಇಲ್ಲ. ಪಂಚನಾಮೆ ಬರೆಸಿ, ಅಂಗಿಯ ದುಡ್ಡು ಕೇಳುವ ವಿಧಿ ಇದೆ.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿದ ಅಪ್ಪಂದಿರಿಗೆ, ಆಡುತ್ತಿರುವ ಮಗನ ಹಿಂದೆ ನಿಂತು ರೌಟರ್ ಕೀಳುವ ಮುನ್ನ "ಯಾರೋ ಅಂವ?" ಎಂದು ಕೇಳುವ ಬುದ್ಧಿ ಬರುತ್ತದೆ. ಕೇಳಿದ ಅಪ್ಪಂದಿರ ಫೋನನ್ನು ಮಕ್ಕಳು ಮೂರನೇ ರಿಂಗಿಗೇ ಎತ್ತುತ್ತಾರೆ. ಉದ್ಯಾನದ ಹಿರಿಯರಿಗೆ ಇದೇ ಉತ್ತರ. ಅವ್ವಂದಿರು ಓದುವ ಅಗತ್ಯವಿಲ್ಲ, ಅವರಿಗೆ ಫಲ ಮೊದಲೇ ಸಂದಿದೆ. ಗೇಮ್ ಕಂಪನಿಗಳಿಗೂ ಫಲ ಉಂಟು, ಆದರೆ ಒಂದು ಷರತ್ತು: ಪ್ರಬಂಧವನ್ನು ಕೊನೆಯವರೆಗೂ ಓದಿ, ಅತಿ ಸಣ್ಣ ಅಕ್ಷರಗಳಲ್ಲಿರುವ ‘ಒಪ್ಪಿದ್ದೇನೆ’ ಎಂಬಲ್ಲಿ ಒತ್ತಬೇಕು. ನಾವು ಓದದೆಯೇ ಒತ್ತಿದ್ದೆವು. ಅವರಿಗೆ ಆ ರಿಯಾಯಿತಿ ಇಲ್ಲ.