ಕಿರುಬೆರಳು ಎತ್ತದವರಿಗೆ ಒಂದು ಬಹಿರಂಗ ಪತ್ರ

ಗೊರಗುಂಟೆಪಾಳ್ಯ ಜಂಕ್ಷನ್ನಿನ ಗೋಡೆ, ಕಂಬಗಳ ಖಾಯಂ ಬಳಕೆದಾರರ ಸನ್ನಿಧಿಗೆ,

ಒಂದಕ್ಕೆ, ಎರಡಕ್ಕೆ ಹೋಗುವ ಶಿಸ್ತು ಮಗುವಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷದೊಳಗೆ ಬರತೊಡಗುತ್ತದೆ. ಲಕ್ಷಣಗಳು ಇವು: ಚಡ್ಡಿ ಒಂದೆರಡು ಗಂಟೆ ಒಣಗಿಯೇ ಇರುತ್ತದೆ, ಮುಖ ಕೆಂಪಾಗುತ್ತದೆ, ಮಗು ಮೂಲೆ ಹುಡುಕುತ್ತದೆ. ಮೂಲೆ ಹುಡುಕುವ ಲಕ್ಷಣ ಕೆಲವರಲ್ಲಿ ನಲವತ್ತು ದಾಟಿದರೂ ಉಳಿಯುತ್ತದೆ. ತುಮಕೂರು ರಸ್ತೆಯ ಮೇಲ್ಸೇತುವೆಯ ಕೆಳಗೆ ಅಧ್ಯಯನಕ್ಕೆ ಸಾಮಗ್ರಿ ಧಾರಾಳವಾಗಿದೆ.

ಊಟವಾದ ಸ್ವಲ್ಪ ಹೊತ್ತಿಗೆ ಮಗುವನ್ನು ದಿನವೂ ಕೂರಿಸಬೇಕು. ಹೊಟ್ಟೆಗೆ ಅನ್ನ ಬಿದ್ದಾಗ ಕರುಳು ತಾನಾಗಿ ಕದಲುತ್ತದೆ. ಗದರಿದರೆ ಮಗು ಬಿಗಿಹಿಡಿಯುತ್ತದೆ; ಬಿಗಿಹಿಡಿದದ್ದು ಗಟ್ಟಿಯಾಗಿ ನೋಯುತ್ತದೆ; ಮರುದಿನ ಬಚ್ಚಲ ಬಾಗಿಲು ಕಂಡರೇ ರಂಪ. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳುವುದನ್ನು ಕಲಿಸಬೇಕು. ಉಲ್ಟಾ ಆದರೆ ಉರಿಮೂತ್ರಕ್ಕೆ ದಾರಿ.

ಶಾಲೆಗೆ ಸೇರಿದ ಮೇಲೆ ಕಿರುಬೆರಳಿನ ಪಾಠ. ಎತ್ತಿದ ಬೆರಳು ಮಿಸ್ ಕಣ್ಣಿಗೆ ಬೀಳುವವರೆಗೆ ಮಗು ಎರಡೂ ಮಂಡಿ ಒತ್ತಿಕೊಂಡು ಕುಣಿಯುತ್ತಾ ಕಾಯುತ್ತದೆ. ಗೋಡೆಯ ಬಳಕೆದಾರರು ಈ ಹಂತವನ್ನು ಯಾವಾಗಲೋ ದಾಟಿದವರು. ಅವರಿಗಾಗಿ ಬೆಂಗಳೂರು ಕಂಡುಕೊಂಡ ಉಪಾಯ ದೇವರ ಚಿತ್ರದ ಟೈಲ್ಸ್: ಗಣಪತಿ, ಏಸು, ಮೆಕ್ಕಾ ಒಂದೇ ಸಾಲಿನಲ್ಲಿ. ಸರ್ವಧರ್ಮ ಸಮನ್ವಯ ಇಷ್ಟು ಅಗ್ಗದಲ್ಲಿ ಬೇರೆಲ್ಲೂ ಸಿದ್ಧಿಸಿಲ್ಲ. ಭಕ್ತರು ಎರಡಡಿ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ.

ಕೈ ತೊಳೆಯಲು ಬರಿ ನೀರು ಸಾಲದು. ಜಿಡ್ಡನ್ನೂ ಅದಕ್ಕೆ ಅಂಟಿದ ಕ್ರಿಮಿಯನ್ನೂ ಬಿಡಿಸುವುದು ಸೋಪು. ಹಸ್ತದ ಹಿಂಬದಿ, ಬೆರಳ ಸಂದು, ಉಗುರಿನಡಿ ಎಲ್ಲ ಸೇರಿ 20 ಸೆಕೆಂಡು ಉಜ್ಜಬೇಕು. ಜಂತುಹುಳುವಿನ ಮೊಟ್ಟೆ ಉಗುರಿನಡಿ ಕೂತು ತುತ್ತಿನ ಜೊತೆ ಹೊಟ್ಟೆ ಸೇರುತ್ತದೆ. ಗೊರಗುಂಟೆಪಾಳ್ಯದಿಂದ ಎರಡನೇ ಮೆಟ್ರೊ ನಿಲ್ದಾಣವೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ; 2014ರ ಮಾರ್ಚ್‌ನಿಂದ ರೈಲು ಓಡುತ್ತಿದೆ. ಸೋಪು ಮಾತ್ರ ಇನ್ನೂ ಗೋಡೆಯ ಬುಡಕ್ಕೆ ಬಂದು ಇಳಿದಿಲ್ಲ.

ಸ್ನಾನದ ವಿಷಯ ಸುಲಭ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಬಿಸಿಯನ್ನು ಮೊಣಕೈ ಅದ್ದಿ ನೋಡಬೇಕು. ಕಿವಿಯ ಹಿಂಭಾಗ, ಕಂಕುಳು, ತೊಡೆಸಂದು ಮರೆಯಬಾರದು, ಒರೆಸುವಾಗಲೂ. ಕಾವೇರಿ ನೂರು ಕಿಲೋಮೀಟರ್ ದೂರದಿಂದ ಬರುತ್ತಾಳೆ, ಬಾರದ ದಿನ ಟ್ಯಾಂಕರ್. ಆದ್ದರಿಂದ ಸಣ್ಣ ಮಗುವಿಗೆ ಅರ್ಧ ಬಕೆಟ್ ಸಾಕು.

ಹೀಗೆ ಮಿಂದು, ಯೂನಿಫಾರ್ಮ್ ತೊಟ್ಟ ಮಗು ಅಪ್ಪನ ಸ್ಕೂಟರಿನ ಮುಂದೆ ನಿಂತು ಜಂಕ್ಷನ್ನಿಗೆ ಬರುತ್ತದೆ. ಸಿಗ್ನಲ್ ಕೆಂಪು. ಗೋಡೆಯ ಕಡೆ ಬಳಕೆದಾರರ ಬೆನ್ನುಗಳ ಸಾಲು. ಮಗು ಅವರ ಕೈಗಳನ್ನು ಹುಡುಕುತ್ತದೆ, ಒಂದೂ ಮೇಲೆದ್ದಿಲ್ಲ.

"ಅಪ್ಪಾ, ಆ ಮಾಮ ಮಿಸ್‌ನ ಕೇಳಿದ್ರಾ?"

ಇಂತಿ,
ಗೋಡೆಯ ಒಳಮಗ್ಗುಲಿನ ನಿವಾಸಿಗಳು