ಕಾದಂಬರಿ ಹಿಡಿದು ಚರ್ಚಿಗೆ ಹೊರಟವರು

2003ರಲ್ಲಿ ಡ್ಯಾನ್ ಬ್ರೌನ್‌ನ ‘ದ ಡಾ ವಿಂಚಿ ಕೋಡ್’ ಬಂದದ್ದೇ ತಡ, ಭಾನುವಾರದ ಪ್ರಾರ್ಥನೆಗೂ ಚರ್ಚಿನ ಮೆಟ್ಟಿಲು ಹತ್ತದ ಮಂದಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಪ್ಯಾರಿಸ್ಸಿನ ಸೇಂಟ್ ಸುಲ್ಪೀಸ್ ಚರ್ಚಿಗೆ ದೌಡಾಯಿಸಿದರು. ಭಕ್ತಿ ಉಕ್ಕಿ ಬಂತೆಂದಲ್ಲ. ನೆಲದಲ್ಲಿ ಕೂರಿಸಿದ ಹಿತ್ತಾಳೆ ಗೆರೆ ನೋಡಬೇಕಿತ್ತು. ಕಾದಂಬರಿಯ ಕೊಲೆಗಡುಕ ಸನ್ಯಾಸಿ ಅಲ್ಲೇ ತಾನೇ ಚಪ್ಪಡಿ ಒಡೆದದ್ದು! ಅದು ಈಸ್ಟರ್ ದಿನ ಗೊತ್ತುಮಾಡಲು 18ನೇ ಶತಮಾನದಲ್ಲಿ ಹಾಕಿಸಿದ ಬಿಸಿಲುಗೆರೆ ಎಂದರೆ ಕೇಳುವವರಾರು? ಕಡೆಗೆ ಚರ್ಚಿನವರೇ ಬೋರ್ಡು ತಗುಲಿಸಿದರು: ಇದು ಹಳೇ ಗುಡಿಯ ಅವಶೇಷವಲ್ಲ, ಕಿಟಕಿಯ ಮೇಲಿನ ಪಿ ಮತ್ತು ಎಸ್ ಅಕ್ಷರಗಳು ಕಾದಂಬರಿಯ ರಹಸ್ಯ ಸಂಘದ್ದಲ್ಲ, ಸಂತ ಪೀಟರ್ ಮತ್ತು ಸಂತ ಸುಲ್ಪೀಸರದ್ದು. ಅದನ್ನೂ ಓದಿದ ಓದುಗಮಹಾಶಯ, ‘ನೋಡಿದೆಯೇನೇ, ಎಷ್ಟು ನಾಜೂಕಾಗಿ ಮುಚ್ಚಿಡ್ತಾರೆ!’ ಎಂದು ಹೆಂಡತಿಗೆ ಪಿಸುಗುಟ್ಟಿದ್ದರೂ ಆಶ್ಚರ್ಯವಿಲ್ಲ.

ಕಾದಂಬರಿ ಆ ಕೊಲೆಗಡುಕ ಸನ್ಯಾಸಿಯನ್ನು ತಮ್ಮವನೆಂದದ್ದಕ್ಕೆ ಓಪಸ್ ದೇಯಿ ಎಂಬ ಕ್ಯಾಥೊಲಿಕ್ ಸಂಸ್ಥೆಯಂತೂ ‘ನಮ್ಮಲ್ಲಿ ಸನ್ಯಾಸಿಗಳೇ ಇಲ್ಲ ಸ್ವಾಮಿ’ ಎಂದು ಹೇಳಿ ಹೇಳಿ ಸುಸ್ತಾಯಿತು. 2006ರಲ್ಲಿ ಸಿನಿಮಾ ಬಂದಾಗ ನಮ್ಮ ಸೆನ್ಸಾರ್ ಮಂಡಳಿ, ಇದೆಲ್ಲ ಕಟ್ಟುಕತೆ ಎಂಬ ಸೂಚನೆ ಹಾಕಿಸಿಯೇ ಬಿಟ್ಟಿತು. ಗೋವಾ, ತಮಿಳುನಾಡುಗಳು ಆ ಉಸಾಬರಿಯೇ ಬೇಡವೆಂದು ನಿಷೇಧಿಸಿದವು.

ನನ್ನ ಪ್ರಕಾರ ಈ ಕಾದಂಬರಿಯ ಅಸಲಿ ಅಭಿಮಾನಿ ಲಂಡನ್ನಿನ ನ್ಯಾಯಾಧೀಶ ಪೀಟರ್ ಸ್ಮಿತ್. ಅದೇ ವರ್ಷ ಈ ಕಾದಂಬರಿಯ ಮೇಲೆ ಹೂಡಿದ್ದ ಕೃತಿಚೌರ್ಯದ ದಾವೆ ವಜಾ ಮಾಡಿದ ಪುಣ್ಯಾತ್ಮ, ತೀರ್ಪಿನ ನಡುನಡುವೆ ಕೆಲವು ಅಕ್ಷರಗಳನ್ನು ಓರೆಯಾಗಿ ಅಚ್ಚುಹಾಕಿಸಿ ತನ್ನದೇ ಒಂದು ಗುಪ್ತಸಂಕೇತ ಹುದುಗಿಸಿಟ್ಟ. ಗೆದ್ದವರು ಯಾರೆಂಬುದು ಹಾಗಿರಲಿ, ವಕೀಲರೇ ಪೆನ್ಸಿಲ್ ಹಿಡಿದು ಅಕ್ಷರ ಹೆಕ್ಕುತ್ತ ಕೂತರು!